ಹೊನ್ನವ್ವ ಕಾರವ್ವ ಆದದ್ದು

ಶಿಗ್ಗಾವಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಹೊನ್ನವ್ವನನ್ನು ಓಣಿಯ ಹೆಂಗಸರು ಬೆನ್ನ ಹಿಂದೆ ಕಾರವ್ವ ಎಂದು ಕರೆಯುತ್ತಿದ್ದರು. ಆಕೆಯ ನಾಲಗೆ ಬ್ಯಾಡಗಿ ಮೆಣಸಿನಕಾಯಿಗಿಂತ ಒಂದು ಕೈ ಮುಂದಿತ್ತು. ಸರದಿ ತಪ್ಪಿಸಿ ಬುಟ್ಟಿ ಮುಂದೆ ಸರಿಸಿದವರನ್ನು ಆಕೆ ಸುಮ್ಮನೆ ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಆ ಹೆಸರು ಖಾರದಿಂದ ಬಂದಿರಬೇಕೆಂದೇ ಬಹಳ ಮಂದಿ ತಿಳಿದಿದ್ದರು. ಅದು ಬಂದದ್ದು ಮೋಟಾರು ಕಾರಿನಿಂದ. ಇಟ್ಟವಳು ಆಕೆಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ, ಹಾನಗಲ್ಲಿನ ವೀರವ್ವ.

ಹೊನ್ನವ್ವ ಮಾಸೂರಿನ ರೈತರ ಮಗಳು. ಮದಗದ ಕೆರೆಯ ನೀರುಣ್ಣುವ ಗದ್ದೆಗಳ ಬದುವಿನ ಮೇಲೆ ಓಡಾಡಿ ಬೆಳೆದವಳು. ಅವಳ ಅವ್ವ ಹೆತ್ತ ಕೂಸುಗಳೆಲ್ಲ ಬೇವಿನ ಟೊಂಗೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿ, ಎದ್ದು, ಅತ್ತು, ತಮ್ಮಷ್ಟಕ್ಕೆ ತಾವೇ ಸುಮ್ಮನಾಗಿ ದೊಡ್ಡವಾದವು. ಅಂಥ ಹುಡುಗಿಯನ್ನು ಹಾನಗಲ್ಲಿನ ಅಕ್ಕಿ ಗಿರಣಿಯ ಕುಬೇರಪ್ಪನ ಕಿರಿಯ ಮಗ ನೀಲಪ್ಪನಿಗೆ ಕೊಟ್ಟರು. ಅತ್ತೆ ತೀರಿಹೋಗಿದ್ದ ಆ ಮನೆಯಲ್ಲಿ ಹಿರಿಯ ಸೊಸೆ ವೀರವ್ವನ ಮಾತೇ ಕಡೆಯ ಮಾತಾಗಿತ್ತು. ಸಾವಣೂರಿನ ಅನುಕೂಲಸ್ಥರ ಮಗಳಾದ ವೀರವ್ವ ನಾಲ್ಕು ಹೆತ್ತಿದ್ದಳು, ನಾಲ್ಕನ್ನೂ ಅಂಗೈ ಮೇಲಿಟ್ಟು ಸಾಕಿದ್ದಳು. ಕೂಸಿಗೆ ಎಣ್ಣೆ ಹಚ್ಚುವುದರಿಂದ ಹಿಡಿದು ತೇಗು ಬರಿಸುವುದರವರೆಗೆ ತನಗೆ ತಿಳಿಯದ್ದಿಲ್ಲ ಎಂಬುದು ಅವಳ ನಂಬಿಕೆ. ಅದು ಸುಳ್ಳೂ ಆಗಿರಲಿಲ್ಲ.

ಹೊನ್ನವ್ವನಿಗೆ ಹೆಣ್ಣುಕೂಸು ಹುಟ್ಟಿ, ತಾರಕೇಶ್ವರನ ಹೆಸರಿನಲ್ಲಿ ತಾರಾ ಎಂದು ತೊಟ್ಟಿಲಿಗೆ ಹಾಕಿದ ದಿನದಿಂದ ಇಬ್ಬರ ನಡುವೆ ಸರಿಬರಲಿಲ್ಲ.

"ಮಾಸೂರಿನ ಮಂದಿ ಕೂಸು ಹಿಡಿಯೂದಂದ್ರ ಹುಲ್ಲಿನ ಹೊರಿ ಹಿಡ್ದಂಗ," ಎಂದು ವೀರವ್ವ ಬಂದವರ ಮುಂದೆಲ್ಲ ಹೇಳುವಳು.

"ಹುಲ್ಲಿನ ಹೊರಿ ಹೊತ್ತವರ ಕೈಯಾಗಿನ ಕೂಸು ಕೆಳಗ ಬೀಳೂದಿಲ್ರಿ ಅಕ್ಕಾರ," ಎಂದು ಹೊನ್ನವ್ವ ಒಳಗಿನಿಂದಲೇ ಉತ್ತರ ಕೊಡುವಳು.

ಎಪ್ಪತ್ತೆಂಟನೆಯ ಇಸವಿಯ ಬೇಸಿಗೆ. ವೀರವ್ವನ ಹಿರಿಮಗಳು ಶಕುಂತಲಾಳನ್ನು ಹಿರೇಕೆರೂರಿನ ಕಡೆಯವರು ಒಪ್ಪಿದ್ದರು. ಸಂಬಂಧ ಗಟ್ಟಿ ಮಾಡುವ ಸಕ್ಕರೆ ಶಾಸ್ತ್ರಕ್ಕೆ ಸೀರೆ ತರಬೇಕು, ಸೀರೆ ಸಾವಣೂರಿನದೇ ಆಗಬೇಕು, ಏಕೆಂದರೆ ಅಲ್ಲಿಯ ಅರಿವೆ ಅಂಗಡಿಯವನು ವೀರವ್ವನಿಗೆ ತವರಿನ ಓಣಿಯ ತಮ್ಮ. ಕುಬೇರಪ್ಪ ಹುಬ್ಬಳ್ಳಿಯಿಂದ ಹಳೆಯ ಅಂಬಾಸಡರ್ ಕಾರೊಂದನ್ನು ತಂದು ವರ್ಷವಾಗಿರಲಿಲ್ಲ. ಅದನ್ನು ನಡೆಸಲು ಬರುತ್ತಿದ್ದದ್ದು ನೀಲಪ್ಪನಿಗೊಬ್ಬನಿಗೇ. ಮುಂದೆ ನೀಲಪ್ಪ, ಹಿಂದೆ ವೀರವ್ವ, ಹೊನ್ನವ್ವ, ಅವಳ ತೊಡೆಯ ಮೇಲೆ ಏಳು ತಿಂಗಳ ತಾರಾ. ಹೀಗೆ ಹೊರಟರು.

ಬಂಕಾಪುರ ದಾಟುವ ಹೊತ್ತಿಗೇ ಹೊನ್ನವ್ವನಿಗೆ ಒಂದಕ್ಕೆ ಹೋಗಬೇಕಾಗಿತ್ತು. ಬಯಲು ರಸ್ತೆ. ಕಾರು ನಿಲ್ಲಿಸಿರೆಂದು ನೆಗೆಣ್ಣಿಯ ಮುಂದೆ ಗಂಡನಿಗೆ ಹೇಳಲು ನಾಚಿಕೆ. ವೀರವ್ವ ಅದನ್ನೂ ಒಂದು ಕಥೆ ಮಾಡುತ್ತಾಳೆಂಬ ಸಿಟ್ಟು ಬೇರೆ. ಹಲ್ಲು ಕಚ್ಚಿ ಕುಳಿತಳು. ತಾರಾಳಿಗೆ ಹಲ್ಲು ಬರುತ್ತಿದ್ದವು. ಹಿಂದಿನ ರಾತ್ರಿಯೆಲ್ಲ ಅತ್ತ ಕೂಸು ಸಾವಣೂರು ಸಮೀಪಿಸಿದಾಗ ನಿದ್ದೆಗೆ ಜಾರಿತು.

ಪೇಟೆಯಲ್ಲಿ ಬೇವಿನ ಮರದ ನೆರಳಿಗೆ ಕಾರು ನಿಂತಿತು. "ಕೂಸು ಎದ್ದ ಮ್ಯಾಲೆ ಬಾ. ಅದರ ಅಳು ಕೇಳ್ಕೊಂತ ಸೀರಿ ಆರ್ಸಾಕ ಆಗೂದಿಲ್ಲ ನನಗ," ಎಂದು ವೀರವ್ವ ಇಳಿದು ಅರಿವೆ ಅಂಗಡಿಗೆ ಹೋದಳು. ನೀಲಪ್ಪ ಎದುರಿನ ಪಾನ್ ಅಂಗಡಿಯಲ್ಲಿ ಎಲೆ ಹಚ್ಚಿಸುತ್ತ ನಿಂತ.

ಹೊನ್ನವ್ವ ಕೂಸನ್ನು ಸೀಟಿನ ಮೇಲೆ ಕೌದಿ ಹಾಸಿ ಮಲಗಿಸಿದಳು. ಎತ್ತಿಕೊಂಡು ಹೋಗೋಣವೆಂದು ಕೈ ಚಾಚಿದಳು. ಕೂಸು ಮುಖ ಕಿವುಚಿತು, ಕೈ ಹಿಂದೆ ತೆಗೆದಳು. ಎಬ್ಬಿಸಿದರೆ ಮತ್ತೆ ಚೀರಾಟ. ಎಬ್ಬಿಸದಿದ್ದರೆ? ಹೊಲದಲ್ಲಿ ಅವ್ವ ಎರಡು ಸಾಲು ಆಚೆ ಕಳೆ ಕೀಳುತ್ತಿದ್ದಳಲ್ಲ, ಜೋಲಿ ಅಷ್ಟು ದೂರದಲ್ಲಿ ತೂಗುತ್ತಿತ್ತಲ್ಲ. ಆದರೆ ಇದು ಹೊಲವಲ್ಲ, ಪೇಟೆ. ಬಿಸಿಲು ಬೇರೆ. ನಾಲ್ಕೂ ಕಡೆಯ ಗಾಜು ಇಳಿಸಿದಳು. ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು. ಕೊನೆಗೆ ಪಾನ್ ಅಂಗಡಿಗೇ ಹೋಗಿ ಗಂಡನಿಗೆ ಹೇಳಿದಳು.

"ಕೂಸು ಮಲಗೇತ್ರಿ. ನಾ ಬಳಿಗಾರ ಮಾಬೂಬಿ ಮನಿತನಾ ಹೋಗಿ ಬರ್ತೇನಿ. ಕಾರಿನ ಕಡೆ ಲಕ್ಷ್ಯ ಇರ್ಲ್ರಿ."

"ಹೂಂ, ಹೋಗು. ನಾ ಇಲ್ಲೇ ಅದೇನಿ," ಎಂದ ನೀಲಪ್ಪ.

ಮಾಬೂಬಿ ಬಳೆಯ ಮಲಾರ ಹೊತ್ತು ಹಾನಗಲ್ಲಿಗೂ ಬರುತ್ತಿದ್ದವಳು, ಹೊನ್ನವ್ವ ಬಸುರಿಯಾಗಿದ್ದಾಗ ಕುಬುಸದ ದಿನ ಅವಳ ಕೈ ತುಂಬ ಹಸಿರು ಬಳೆ ಇಟ್ಟವಳು. ಅವಳ ಮನೆ ಹಿಂದಿನ ಓಣಿಯಲ್ಲೇ ಇತ್ತು. ಹಿತ್ತಲಿಗೆ ಹೋಗಿಬಂದ ಹೊನ್ನವ್ವನಿಗೆ ಮಾಬೂಬಿ ಒಂದು ತಂಬಿಗೆ ನೀರು ಕೊಟ್ಟು, "ಕುಂದರವ್ವಾ, ಚಾ ಮಾಡ್ತೇನಿ," ಎಂದಳು. "ಬ್ಯಾಡವಾ, ಕೂಸು ಕಾರಿನಾಗೈತಿ," ಎಂದು ಹೊನ್ನವ್ವ ನೀರಷ್ಟೇ ಕುಡಿದು ಹೊರಟಳು.

ಬಂದು ನೋಡಿದರೆ ಕಾರಿನ ಬಾಗಿಲು ತೆರೆದಿತ್ತು. ಕೌದಿ ಇತ್ತು. ಕೂಸು ಇರಲಿಲ್ಲ. ಪಾನ್ ಅಂಗಡಿಯ ಮುಂದೆ ನೀಲಪ್ಪನೂ ಇರಲಿಲ್ಲ.

ಗಂಡ ಎತ್ತಿಕೊಂಡಿರಬೇಕೆಂದು ಕ್ಷಣ ಹೊತ್ತು ಸಮಾಧಾನ ಮಾಡಿಕೊಂಡಳು. ಅಂಗಡಿಯವನನ್ನು ಕೇಳಿದಳು. "ನೀಲಪ್ಪಣ್ಣಾರ? ಯಾರೋ ಅಕ್ಕಿ ವ್ಯಾಪಾರದವರು ಕರಕೊಂಡು ಹ್ವಾದ್ರಲ್ರಿ. ಅವರ ಕೈಯಾಗ ಕೂಸಿರಲಿಲ್ರಿ," ಎಂದ ಅವನು.

ಹೊನ್ನವ್ವ ಚೀರಿದ್ದು ಪೇಟೆಯ ಆ ತುದಿಗೂ ಕೇಳಿಸಿತು. ಮಂದಿ ನೆರೆಯಿತು. ಕೂಸು ಹುಡುಕುವುದಕ್ಕಿಂತ ತಾಯಿಯ ತಪ್ಪು ಹುಡುಕುವುದು ಹಗುರ, ಹಾಗಾಗಿ ಮೊದಲು ಅದೇ ನಡೆಯಿತು.

"ಹಸುಗೂಸಿನ್ನ ಕಬ್ಬಿಣದ ಡಬ್ಬಿಯಾಗ ಬಿಟ್ಟು ಹ್ವಾದಾಕಿ ಇವಳು ತಾಯಿನಾ?"

"ಯಾಕ, ನಮ್ಮ ಹೆಣಮಕ್ಕಳು ಹೊಲದಾಗ ಜೋಲಿ ಕಟ್ಟಿ ಬಿಡೂದಿಲ್ಲೇನು? ಹೊಟ್ಟಿಗೆ ಕಟ್ಟಿಕೊಂಡು ಕಳೆ ಕೀಳಾಕ ಆಗ್ತೈತೇನು?" ಎಂದ ಒಬ್ಬ ಮುದುಕ.

"ಹೊಲದಾಗ ನಾಕು ಮಂದಿ ಕಣ್ಣಿರ್ತಾವ ಯಜಮಾನ್ರ. ಪ್ಯಾಟ್ಯಾಗ ಯಾರ ಕಣ್ಣು ಎಲ್ಲಿರ್ತಾವೋ!"

"ಕಾರಿನವ್ರ ಸೊಕ್ಕದು. ಅನುಭೋಗಿಸ್ಲಿ."

ಅಷ್ಟರಲ್ಲಿ ಯಾರೋ, ಒಬ್ಬಳು ಸೆರಗಿನಲ್ಲಿ ಕೂಸನ್ನು ಮುಚ್ಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದಳೆಂದರು. ಇಷ್ಟು ಸಾಕಾಯಿತು. ಮಂದಿಯೆಲ್ಲ ಅತ್ತ ನುಗ್ಗಿತು, ಎಲ್ಲರಿಗಿಂತ ಮುಂದೆ ಹೊನ್ನವ್ವ. ಯಲವಿಗಿಯ ಬಸ್ಸಿಗೆ ಕಾಯುತ್ತ ಗೋಡೆಗೆ ಆತು ಕುಳಿತಿದ್ದ ಕೂಲಿ ಹೆಂಗಸೊಬ್ಬಳು ಸೆರಗು ಮುಚ್ಚಿ ಮೊಲೆಯೂಡಿಸುತ್ತಿದ್ದಳು. ಸುತ್ತ ಗಂಡಸರು ನಿಂತು "ತಗಿ ಸೆರಗು, ತೋರ್ಸು ಕೂಸಿನ್ನ" ಎಂದು ಗದರಿದಾಗ ಅವಳು ಇನ್ನೂ ಬಿಗಿಯಾಗಿ ಮುದುಡಿಕೊಂಡಳು. ಅವಳು ಬಚ್ಚಿಡುತ್ತಿದ್ದಾಳೆ ಎಂದುಕೊಂಡ ಹೊನ್ನವ್ವ ಅವಳ ಕೆನ್ನೆಗೆ ಬಾರಿಸಿದಳು. ಮತ್ತೊಮ್ಮೆ ಬಾರಿಸಿದಾಗ ಬಳೆ ಒಡೆದು ಅವಳ ತುಟಿ ಹರಿಯಿತು. ಯಾವನೋ ಸೆರಗು ಕಿತ್ತ. ಒಳಗಿದ್ದದ್ದು ಕಪ್ಪಗಿನ, ಬಡಕಲು ಗಂಡುಕೂಸು. ಅದು ಕಿಟಾರನೆ ಕಿರುಚಿತು.

"ಹೊನ್ನವ್ವಾ, ಇಲ್ಲೈತಿ ನೋಡು ನಿನ್ನ ಮಗಳು."

ಮಂದಿ ಸರಿದು ದಾರಿ ಕೊಟ್ಟಿತು. ವೀರವ್ವ ತಾರಾಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಆರಿಸಿದ ಸೀರೆಯ ಸೆರಗಿನ ಬಣ್ಣ ತೋರಿಸಲೆಂದು ಕಾರಿನ ಬಳಿ ಬಂದವಳು ಒಂಟಿ ಕೂಸನ್ನು ಕಂಡು ಎತ್ತಿಕೊಂಡು, ಅರಿವೆ ಅಂಗಡಿಯ ಒಳಕೋಣೆಯಲ್ಲಿ ಕುಳಿತಿದ್ದಳು. ಅಂಗಡಿಯವನು ಎರಡು ಸಲ, "ಅಕ್ಕಾ, ಪಾಪ, ಆಕಿ ಒದರಾಕತ್ತಾಳ," ಎಂದಿದ್ದನಂತೆ. ಸುಮ್ಮನಿರು ಎಂದಿದ್ದಳಂತೆ.

"ನಾ ಚೀರೂದು ಕೇಳ್ಲಿಲ್ಲೇನ್ರಿ ಅಕ್ಕಾರ?" ಎಂದಳು ಹೊನ್ನವ್ವ.

"ಕೇಳ್ತು. ಚೀರ್ಲಿ ಅಂತನ ಕುಂತಿದ್ದೆ. ಇವತ್ತ ನಾ ಎತ್ಕೊಂಡೆ, ನಾಳೆ ಕಳ್ಳರು ಎತ್ಕೊಂಡು ಹ್ವಾದ್ರ? ಇಲ್ಲಾ, ಬಿಸಿಲು ಸರದು ಕಾರು ಕಾದು, ಕೂಸು ಬೆಂದು ಹೋಗಿದ್ರ? ಬಾಯಿಮಾತಿನ್ಯಾಗ ಹೇಳಿದ್ರ ನಿನಗ ತಿಳಿಯೂದಿಲ್ಲ."

ನೆರೆದವರಲ್ಲಿ ಅರ್ಧ ಮಂದಿ ತಲೆದೂಗಿದರು. "ಖರೇ ಐತಿ ಬಿಡ್ರಿ, ಹಿರ್ಯಾಕಿ ಬುದ್ಧಿ ಕಲಿಸ್ಯಾಳ," ಎಂದರು. ಗೋಡೆಗೆ ಆತು ಕುಳಿತಿದ್ದ ಕೂಲಿ ಹೆಂಗಸಿನ ಕಡೆ ಯಾರೂ ನೋಡಲಿಲ್ಲ. ಹೊನ್ನವ್ವ ಮಗಳನ್ನು ಕಸಿದುಕೊಂಡು ಅವಳ ಮುಂದೆ ಕುಕ್ಕರಿಸಿದಳು.

"ತಪ್ಪಾತವ್ವಾ."

ಅವಳು ಬಾಯೊಳಗಿನ ರಕ್ತವನ್ನು ಹೊನ್ನವ್ವನ ಕಾಲ ಬಳಿ ಉಗಿದಳು. "ನೀವು ನೀವು ಆಟಾ ಆಡಾಕ ನನ್ನ ಬಾಯಿ ಬೇಕಾಗಿತ್ತೇನು?" ಎಂದು ಕೇಳಿ, ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದು ಬಸ್ಸು ಹತ್ತಿದಳು.

ಆ ಸಂಜೆ ಹಾನಗಲ್ಲಿನ ಮನೆಯ ಪಡಸಾಲೆಯಲ್ಲಿ ಕುಬೇರಪ್ಪ ಕಂಬಕ್ಕೆ ಆತು ಕುಳಿತು ಕಿರಿಯ ಸೊಸೆಯನ್ನು ಕರೆಸಿದ. ಹಿರಿಯ ಮಗ, ಗಿರಣಿಯ ಇಬ್ಬರು ಹಮಾಲರು, ಎಲ್ಲರೂ ಅಲ್ಲೇ ಇದ್ದರು.

"ಕೂಸು ಬಿಟ್ಟು ಎಲ್ಲಿ ಹೋಗಿದ್ದಿ?"

ಅಷ್ಟು ಗಂಡಸರ ಮುಂದೆ ಏನೆಂದು ಹೇಳುವುದು? ಹೊನ್ನವ್ವ ಗಂಡನ ಮುಖ ನೋಡಿದಳು. ನೀಲಪ್ಪ ಕಾಲ ಹೆಬ್ಬೆರಳಿನಿಂದ ಜಮಖಾನೆಯ ಎಳೆ ಕೀಳುತ್ತಿದ್ದ. ತಾನು ಇಲ್ಲೇ ಇರುತ್ತೇನೆಂದು ಹೇಳಿದ್ದೆ ಎಂಬ ಒಂದು ಮಾತು ಅವನ ಬಾಯಿಂದ ಬಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬರಲಿಲ್ಲ.

ಮರುದಿನ ಕೋಣೆಯಲ್ಲಿ ಕೇಳಿದಳು. "ಯಾಕ ಬಾಯಿ ಬಿಡಲಿಲ್ರಿ?"

"ಅಪ್ಪನ ಮುಂದ ಹೆಂಗ ಹೇಳ್ಲಿ? ಇನ್ನ ಕಾರು ಮುಟ್ಟಬ್ಯಾಡ ಅಂತಾನ. ನಾಕು ದಿನಕ್ಕ ಎಲ್ಲಾರೂ ಮರೀತಾರ ತಗೋ."

ಮರೆಯಲು ವೀರವ್ವ ಬಿಡಬೇಕಲ್ಲ. ಹಾಲು ಉಕ್ಕಿದರೂ ಕಾರವ್ವ, ಬೆಕ್ಕು ಒಳಗೆ ಬಂದರೂ ಕಾರವ್ವ. "ಕಾರವ್ವಾರ, ಮೊಸರಿನ ಗಡಿಗಿ ನೋಡ್ಕೋರಿ. ಅದನ್ನೂ ಕಾರಿನಾಗ ಬಿಟ್ಟು ಹೋಗಬ್ಯಾಡ್ರಿ." ಕೂಲಿಯಾಳುಗಳೂ ಹಿಂದಿನಿಂದ ಹಾಗೇ ಕರೆಯತೊಡಗಿದರು. ಹೊನ್ನವ್ವ ಉತ್ತರ ಕೊಡುವುದನ್ನು ನಿಲ್ಲಿಸಿದಳು. ಅವಳ ಸಿಟ್ಟು ಒಳಗೆ ಹೋಗಿ ಕುಳಿತಿತು. ಮಾತು ನಿಂತದ್ದನ್ನು ಕಂಡು ವೀರವ್ವ ಬುದ್ಧಿ ಬಂತೆಂದುಕೊಂಡಳು.

ಸಕ್ಕರೆ ಶಾಸ್ತ್ರದ ದಿನ ಹಿರೇಕೆರೂರಿನ ಬೀಗರು ಬಂದರು. ಗಂಡಸರು ಪಡಸಾಲೆಯಲ್ಲಿ, ಹೆಂಗಸರು ನಡುಮನೆಯಲ್ಲಿ. ವರನ ತಾಯಿ ತಾರಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸುತ್ತಿದ್ದಳು. ವೀರವ್ವನಿಗೆ ತಡೆಯಲಾಗಲಿಲ್ಲ.

"ಅದು ನಮ್ಮ ಕಾರವ್ವನ ಮಗಳು ನೋಡ್ರಿ," ಎಂದು ಶುರು ಮಾಡಿ, ಸಾವಣೂರಿನ ಸಂಗತಿಯನ್ನೆಲ್ಲ ಹೇಳಿದಳು. ತಾನು ಒಳಕೋಣೆಯಲ್ಲಿ ಹೇಗೆ ಕುಳಿತಿದ್ದೆ, ಹೊನ್ನವ್ವ ಹೇಗೆ ಎದೆ ಬಡಿದುಕೊಂಡಳು, ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ಒಂದಿಬ್ಬರು ನಕ್ಕರು.

ಹೊನ್ನವ್ವ ಸಿಹಿ ಮಾದಲಿಯ ತಾಟು ಹಿಡಿದು ಬಾಗಿಲಲ್ಲಿದ್ದಳು. ತಾಟನ್ನು ನೆಲಕ್ಕಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು, ನೇರ ಪಡಸಾಲೆಗೆ ನಡೆದಳು.

"ಮಾವಾರ, ಅವತ್ತ ಎಲ್ಲಿ ಹೋಗಿದ್ದಿ ಅಂತ ಕೇಳಿದ್ರಿ. ಇವತ್ತ ಹೇಳ್ತೇನಿ. ಒಂದಕ್ಕ ಹೋಗಿದ್ದೆ. ಕೂಸಿನ್ನ ಕಾಯ್ತೇನಿ ಅಂದವ್ರು ಅಲ್ಲಿ ಕುಂತಾರ, ಕೇಳ್ರಿ."

ಕುಬೇರಪ್ಪನ ಮುಖ ಕಪ್ಪಿಟ್ಟಿತು. ಬೀಗರ ಮುಂದೆ ಕೇಳದೆ ವಿಧಿಯಿರಲಿಲ್ಲ. "ಏನೋ ನೀಲಾ, ಖರೇನ?"

ನೀಲಪ್ಪ ಎಲ್ಲರ ಮುಖವನ್ನೂ ನೋಡಿದ, ಹೆಂಡತಿಯದೊಂದನ್ನು ಬಿಟ್ಟು. "ನನಗ ಹಂಗೇನೂ ನೆನಪಿಲ್ರಿ ಅಪ್ಪಾ," ಎಂದ.

ಹೊನ್ನವ್ವ ಅಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ತಾನು ಹೊಡೆದ ಹೆಂಗಸಿನ ಸಂಗತಿಯನ್ನೂ ಹೇಳಿದಳು. ವೀರವ್ವ ಹೇಳದೆ ಬಿಟ್ಟದ್ದು ಅದೊಂದನ್ನೇ. "ಅಕ್ಕಾರು ಒಂದು ಕೂಗು ಹಾಕಿದ್ರ ನನ್ನ ಕೈ ಏಳ್ತಿರಲಿಲ್ಲ. ಮಂದಿ ಕೂಸು ಬಚ್ಚಿಟ್ಟು ತಮಾಸಿ ನೋಡೂ ಮನಿ ಇದು. ಹೆಣ್ಣು ತಗೊಳ್ಳೂವ್ರು ತಿಳ್ಕೊಂಡಿರ್ಲಿ."

ವರನ ತಾಯಿ ತಾರಾಳನ್ನು ಕೆಳಗಿಳಿಸಿ ಎದ್ದುಬಂದಳು. ಗಂಡನ ಕಿವಿಯಲ್ಲಿ ಏನೋ ಅಂದಳು. ಸಕ್ಕರೆಯನ್ನು ಯಾರೂ ಬಾಯಿಗೆ ಹಾಕಿಕೊಳ್ಳಲಿಲ್ಲ. "ಇನ್ನೊಮ್ಮಿ ಬರ್ತೇವ್ರಿ" ಎಂದು ಹೋದವರು ಮತ್ತೆ ಬರಲಿಲ್ಲ. ಹೊಸ ಸೀರೆಯುಟ್ಟು ಕುಳಿತಿದ್ದ ಶಕುಂತಲಾ, ಚಿಕ್ಕಮ್ಮನ ಜಡೆ ಹೆಣಿಗೆ ಎಂದರೆ ಪ್ರಾಣ ಬಿಡುತ್ತಿದ್ದವಳು, ಅಂದಿನಿಂದ ಅವಳೆದುರು ಬಾಯಿ ತೆರೆಯಲಿಲ್ಲ.

"ಈ ಮನ್ಯಾಗ ಇನ್ನ ನಿನಗ ಒಲಿ ಇಲ್ಲ," ಎಂದ ಕುಬೇರಪ್ಪ.

"ನಾನೂ ಅದನ್ನ ಕೇಳಬೇಕಂತ ಮಾಡಿದ್ದೆ," ಎಂದಳು ಹೊನ್ನವ್ವ.

ಹೀಗೆ ಅವರು ಶಿಗ್ಗಾವಿಗೆ ಬಂದರು. ಕುಬೇರಪ್ಪನಿಗೆ ಅಲ್ಲೊಂದು ಹಳೆಯ ಹಿಟ್ಟಿನ ಗಿರಣಿಯಿತ್ತು. ಅದನ್ನು ಕಿರಿಯ ಮಗನ ಪಾಲಿಗೆ ಹಾಕಿದ. ನೀಲಪ್ಪ ಗಿರಣಿಯಲ್ಲಿ ಕೂರುವವನಲ್ಲ. ಕಾರೂ ಇಲ್ಲ, ಅಪ್ಪನ ಗದ್ದಿಗೆಯೂ ಇಲ್ಲ, ನಾಲ್ಕು ಜನರಲ್ಲಿ ಮುಖವೂ ಇಲ್ಲ ಎಂದು ಊರೂರು ಭತ್ತದ ದಲ್ಲಾಳಿತನಕ್ಕೆ ತಿರುಗಿದ. ಗಿರಣಿ ಹೊನ್ನವ್ವನ ಕೈಗೆ ಬಂತು. ಯಂತ್ರದ ಪಟ್ಟಾ ಹರಿದರೆ ಹೊಲಿಯುವುದು, ಬೀಸುವ ಕಲ್ಲಿಗೆ ಉಳಿ ಹೊಡೆಯುವುದು, ಕರೆಂಟು ಹೋದಾಗ ಬಾಗಿಲಲ್ಲಿ ಕುಳಿತು ಮಂದಿಯ ಬೈಗುಳ ತಿನ್ನುವುದು ಮತ್ತು ತಿರುಗಿ ಬೈಯುವುದು, ಎಲ್ಲ ಕಲಿತಳು. ಕಾರವ್ವ ಎಂಬ ಹೆಸರು ಅವರಿಗಿಂತ ಮೊದಲೇ ಶಿಗ್ಗಾವಿ ಮುಟ್ಟಿತ್ತು. ಗಂಡನಿಗೆ ಉಣಬಡಿಸುವಳು, ಅಂಗಿ ಒಗೆಯುವಳು. ಮಾತು ಮಾತ್ರ ಬೇಕಾದಷ್ಟೇ. ಅವನು ಒಂದೆರಡು ಸಲ "ಆದದ್ದು ಆತು ಬಿಡು," ಎಂದು ನೋಡಿದ. "ಆಗಿಲ್ರಿ," ಎಂದು ಅವಳು ಎದ್ದುಹೋದಳು.

ಮೂರು ವರ್ಷದ ಮೇಲೆ ಹುಲಗೂರಿನ ಉರುಸಿಗೆ ಮಾಬೂಬಿ ಬಳೆ ಮಾರಲು ಬಂದಿದ್ದಳು. ಅವಳನ್ನು ನೋಡಲು ಹೋದ ಹೊನ್ನವ್ವನಿಗೆ ದರ್ಗಾದ ಮುಂದಿನ ಜನರಲ್ಲಿ ತಾನು ಹೊಡೆದಿದ್ದ ಆ ಹೆಂಗಸು ಕಂಡಳು. ಮೇಲ್ದುಟಿಯ ಮೇಲೆ ಕಲೆ ಉಳಿದಿತ್ತು. ಪಕ್ಕದಲ್ಲಿ ಆ ಗಂಡುಕೂಸು, ಈಗ ನಡೆಯುತ್ತಿತ್ತು. ಹೊನ್ನವ್ವ ಪಕ್ಕದ ಅಂಗಡಿಯಲ್ಲಿ ಇಳಕಲ್ ಸೀರೆಯೊಂದನ್ನು ಕೊಂಡು ಓಡಿದಳು.

"ಗುರ್ತು ಸಿಕ್ತೇನವ್ವಾ? ಸಾವಣೂರಾಗ ನಾನು..."

"ಸಿಕ್ತು. ಸಿಗದ ಏನು?" ಎಂದಳು ಅವಳು. ಸೀರೆಯನ್ನು ಮುಟ್ಟಲಿಲ್ಲ. "ಅವತ್ತ ನಿನ್ನ ಕೂಸು ಸಿಗದ ಹೋಗಿದ್ರ ನನ್ನ ಕೊಂದು ಹಾಕ್ತಿದ್ರಿ. ಸಿಕ್ಕೈತಿ ಅಂತ ಸೀರಿ ತಂದಿಯೇನು? ನನ್ನ ಕಣ್ಣ ಮುಂದ ನಿಂದ್ರಬ್ಯಾಡ, ಹೋಗು."

ಮಾಬೂಬಿ ನಡುವೆ ಬಂದು, "ಅಕ್ಕಾ, ಪಶ್ಚಾತ್ತಾಪ ಪಟ್ಟಾಳ..." ಎನ್ನುವಷ್ಟರಲ್ಲಿ ಅವಳು ಮಗನ ಕೈಹಿಡಿದು ಜನರಲ್ಲಿ ಸೇರಿಹೋದಳು. ಹೊನ್ನವ್ವ ಆ ಸೀರೆಯನ್ನು ಮಾಬೂಬಿಗೆ ಕೊಟ್ಟು ಬಂದಳು. ಆ ಹೆಂಗಸಿನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಹಾನಗಲ್ಲಿನ ಕಡೆಗೇ ಹರಿಯಿತು.

ಎಂಬತ್ತಾರನೆಯ ಇಸವಿಯಲ್ಲಿ ಕುಬೇರಪ್ಪ ತೀರಿಕೊಂಡ. ಶಿವಗಣಾರಾಧನೆಗೆ ಹೊನ್ನವ್ವ ತಾರಾಳನ್ನು ಕರೆದುಕೊಂಡು ಗಂಡನೊಂದಿಗೆ ಹಾನಗಲ್ಲಿಗೆ ಹೋದಳು, ಹೋಗದಿದ್ದರೆ ಅದಕ್ಕೂ ಒಂದು ಹೆಸರಿಡುತ್ತಾರೆಂದು. ಊಟವಾಗಿ ಮಂದಿ ಕರಗಿದ ಮೇಲೆ ನಡುಮನೆಯಲ್ಲಿ ಮನೆಯವರಷ್ಟೇ ಉಳಿದರು. ವೀರವ್ವ ತಾರಾಳನ್ನು ಹತ್ತಿರ ಕರೆದು ಗಲ್ಲ ಹಿಡಿದಳು.

"ಅವತ್ತ ನಾ ಎತ್ಕೊಳ್ಳದ ಇದ್ದಿದ್ರ ನೀ ಇವತ್ತ ಎಲ್ಲಿರ್ತಿದ್ಯೋ ಏನೋ, ನನ್ನ ಬಂಗಾರಾ."

ಆಗ ನೀಲಪ್ಪ ಗೋಡೆಯ ಬಳಿಯಿಂದ ಎದ್ದು ನಿಂತ. "ಅತ್ತಿಗೆಮ್ಮಾ, ಸಾಕು ಮಾಡ್ರಿ. ಆಕಿ ನನಗ ಹೇಳೇ ಹೋಗಿದ್ಲು. ನಾ ಇಲ್ಲೇ ಇರ್ತೇನಿ ಅಂದಿದ್ದೆ. ವ್ಯಾಪಾರದವನು ಕರದ, ಲಾರಿ ನೋಡಾಕ ಹ್ವಾದೆ. ತಪ್ಪು ನಂದು." ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಅಣ್ಣ ತಲೆ ತಗ್ಗಿಸಿದ.

ಎಲ್ಲರೂ ಹೊನ್ನವ್ವನ ಕಡೆ ನೋಡಿದರು, ಈಗಲಾದರೂ ಕರಗುತ್ತಾಳೆಂದು.

"ಎಂಟು ವರ್ಷ ಅಪ್ಪನ ಅಂಜಿಕಿ ಇತ್ತು," ಎಂದಳು ಅವಳು ಗಂಡನಿಗೆ. "ಅಪ್ಪ ಮಣ್ಣಿಗೆ ಹ್ವಾದ ಮ್ಯಾಲೆ ಬಾಯಿ ಬಂತು. ಕೇಳಬೇಕಾದವ್ರು ಹ್ವಾದ್ರು. ಈಗ ಯಾರಿಗೆ ಹೇಳಾಕತ್ತೀರಿ?"

"ಅಂದ್ರ ನಾ ಮಾಡಿದ್ದು ತಪ್ಪಲ್ಲ ಅಂತ ಆತಲ್ಲ," ಎಂದಳು ವೀರವ್ವ. "ಅಂವಾ ಬಿಟ್ಟಾ, ನಾ ಎತ್ಕೊಂಡೆ."

"ಹೌದ್ರಿ, ಎತ್ಕೊಂಡದ್ದು ತಪ್ಪಲ್ಲ. ಯಾರರೆ ಒಬ್ಬರು ಎತ್ಕೊಳ್ಳಬೇಕಿತ್ತು, ನೀವು ಎತ್ಕೊಂಡ್ರಿ. ನಾ ಚೀರೂದು ಕೇಳಿನೂ ಹೊರಗ ಬರಲಿಲ್ಲಲ್ಲ, ಅದನ್ನ ನಾ ಸಾಯೂತನಾ ಮರಿಯೂದಿಲ್ಲ."

"ನನ್ನ ಮಗಳ ಸಂಬಂಧಾ ಮುರದಾಕಿ ನೀನು. ಅದನ್ನ ನಾನೂ ಮರಿಯೂದಿಲ್ಲ."

"ಅದು ನನ್ನ ತಪ್ಪು. ಶಕುಂತಲಾನ ಮುಂದ ಒಪ್ಕೋತೇನಿ. ನಿಮ್ಮ ಮುಂದ ಅಲ್ಲ."

ಶಕುಂತಲಾ ಅಡುಗೆಮನೆಯಲ್ಲೇ ಇದ್ದಳು. ಹಿರೇಕೆರೂರಿನ ಸಂಬಂಧ ಮುರಿದು ಎರಡು ವರ್ಷ ಕಳೆದ ಮೇಲೆ ಯಲವಿಗಿಯ ಸಾಲಿ ಮಾಸ್ತರನೊಬ್ಬನಿಗೆ ಅವಳನ್ನು ಕೊಟ್ಟಿದ್ದರು. ಹೊನ್ನವ್ವ ಒಳಗೆ ಹೋಗಿ ಹೇಳಬೇಕಾದ್ದನ್ನು ಹೇಳಿದಳು. ಶಕುಂತಲಾ ತಾಟು ತೊಳೆಯುತ್ತಲೇ ಕೇಳಿಸಿಕೊಂಡು, "ಆತು, ಕೇಳ್ತು," ಎಂದಳು. ತಿರುಗಿ ನೋಡಲಿಲ್ಲ.

ನೀಲಪ್ಪ ಚಪ್ಪಲಿ ಮೆಟ್ಟಿ ಜೊತೆಗೆ ಹೊರಟ. "ನೀವು ಅಣ್ಣನ ಹಂತ್ಯಾಕ ನಾಕು ದಿನ ಇದ್ದು ಬರ್ರಿ," ಎಂದು ಹೊನ್ನವ್ವ ಬಾಗಿಲಲ್ಲೇ ತಡೆದಳು. ಅವನು ಅಲ್ಲೇ ನಿಂತ. ನಾಲ್ಕು ದಿನವೆಂದದ್ದು ತಿಂಗಳಾಯಿತು. ಕೊನೆಗೊಂದು ದಿನ ಚೀಲ ಹಿಡಿದು ಶಿಗ್ಗಾವಿಗೆ ಬಂದ. ಅವಳು ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅವನು ಜೋಳ ತೂಗುವ ಕೆಲಸಕ್ಕೆ ಕುಳಿತ, ಮುಂದೆಯೂ ಕುಳಿತ.

ಆದರೆ ಶಿವಗಣಾರಾಧನೆಯ ಆ ದಿನ ತಿರುಗಿ ಬರುವ ಬಸ್ಸಿನಲ್ಲಿ ತಾಯಿ ಮಗಳು ಇಬ್ಬರೇ. ತಾರಾ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಬಂಕಾಪುರ ಹತ್ತಿರವಾದಾಗ ಕೇಳಿದಳು.

"ಅವ್ವಾ, ಅವತ್ತ ಸಾವಣೂರಾಗ ಎಲ್ಲಾರೂ ಅಷ್ಟು ಜಗಳಾಡಾಕತ್ತಾಗ ನಾ ಅಳಾಕತ್ತಿದ್ನೇನ?"

"ಇಲ್ಲ. ದೊಡ್ಡವ್ವನ ಹೆಗಲ ಮ್ಯಾಲೆ ಹಾಯಾಗಿ ಮಲಗಿದ್ದಿ," ಎಂದಳು ಹೊನ್ನವ್ವ.